ಯೇಸುವಿನ ತಮ್ಮನ ಮೂಳೆ ಪೆಟ್ಟಿಗೆ ನಿಜವಾಗಲೂ ಸಿಕ್ಕಿದೆಯಾ?

ಪ್ರಶ್ನೆ: ಯೇಸುವಿನ ತಮ್ಮ ಯಾಕೋಬನ ಮೂಳೆ ಇಟ್ಟಿದ್ದ ಕಲ್ಲಿನ ಪೆಟ್ಟಿಗೆ ಸಿಕ್ಕಿದೆ, ಅದು ಅಸಲಿ ಅಂತ ಇಸ್ರೇಲಿನ ಕೋರ್ಟೇ ಹೇಳಿದೆ ಅಂತ ವಾಟ್ಸಾಪಿನಲ್ಲಿ ಬಂತು. ಇನ್ನೊಂದು ವಿಡಿಯೋದಲ್ಲಿ ಯೇಸು, ಮರಿಯ, ಮಗ ಎಲ್ಲರ ಸಮಾಧಿ ಒಂದೇ ಕಡೆ ಸಿಕ್ಕಿದೆ ಅಂತಿದ್ದಾರೆ. ನಮ್ಮ ಚರ್ಚಿನಲ್ಲಿ ನೋಡಿದರೆ ಯೇಸುವಿಗೆ ಒಡಹುಟ್ಟಿದವರೇ ಇರಲಿಲ್ಲ ಅಂತಾರೆ. ಯಾವುದನ್ನು ನಂಬಬೇಕು? ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಗೊತ್ತಾಗಲ್ವಾ?

ಉತ್ತರ: ಮೊದಲು ಕೋರ್ಟಿನ ವಿಷಯ ಮುಗಿಸಿಬಿಡೋಣ, ಯಾಕಂದ್ರೆ ಆ ವಾಟ್ಸಾಪ್ ಸುದ್ದಿಯಲ್ಲಿ ಜಾಸ್ತಿ ತಪ್ಪಿರುವುದು ಅಲ್ಲೇ. ಪೆಟ್ಟಿಗೆ ಅಸಲಿ ಅಂತ ಯಾವ ಕೋರ್ಟೂ ಹೇಳಿಲ್ಲ. ಅದರ ಮಾಲೀಕ ಬರಹವನ್ನು ಖೋಟಾ ಮಾಡಿದ ಅನ್ನೋದು ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾಗಿಲ್ಲ, ಅಷ್ಟೇ ಹೇಳಿದ್ದು. ಖುಲಾಸೆ ಆಯಿತು ಅಂದಮಾತ್ರಕ್ಕೆ ಬರಹ 2000 ವರ್ಷ ಹಳೆಯದು ಅಂತ ಅರ್ಥವಲ್ಲ ಅಂತ ತೀರ್ಪು ಕೊಟ್ಟ ನ್ಯಾಯಾಧೀಶ ಅಹರೋನ್ ಫರ್ಕಾಶ್ ಅವರೇ ಬಿಡಿಸಿ ಹೇಳಿದ್ದಾರೆ. ಫಾರ್ವರ್ಡ್ ಮಾಡುವವರು ಈ ಸಾಲು ಬಿಟ್ಟು ಉಳಿದದ್ದನ್ನೆಲ್ಲ ಕಳಿಸುತ್ತಾರೆ.

ಈಗ ಪೆಟ್ಟಿಗೆಗೆ ಬರೋಣ. ಇಂಥ ಪೆಟ್ಟಿಗೆ ಏನಕ್ಕೆ ಅಂತ ಗೊತ್ತಿಲ್ಲದೆ ಮುಂದಿನ ಜಗಳ ಅರ್ಥವಾಗುವುದಿಲ್ಲ. ಕ್ರಿಸ್ತಪೂರ್ವ ಒಂದನೇ ಶತಮಾನದ ಕೊನೆಯಿಂದ ಹಿಡಿದು ರೋಮನ್ನರು ದೇವಾಲಯ ಕೆಡವಿದ ಕ್ರಿ.ಶ. 70ರವರೆಗೆ, ಜೆರುಸಲೇಮಿನ ಅನುಕೂಲಸ್ಥ ಯೆಹೂದಿ ಕುಟುಂಬಗಳಿಗೆ ಊರಾಚೆಯ ಬೆಟ್ಟದಲ್ಲಿ ಕೊರೆದ ಸಮಾಧಿ ಗುಹೆಗಳಿದ್ದವು. ಸತ್ತವರ ದೇಹವನ್ನು ಅಲ್ಲಿ ಮಲಗಿಸಿ ಬಾಯಿ ಮುಚ್ಚುತ್ತಿದ್ದರು. ವರ್ಷ ಕಳೆದ ಮೇಲೆ ಹೋಗಿ ಮೂಳೆ ಆರಿಸಿ ಸುಣ್ಣಕಲ್ಲಿನ ಪೆಟ್ಟಿಗೆಯೊಳಗೆ ಹಾಕಿ ಇಡುವುದು. ಪೆಟ್ಟಿಗೆಯ ಉದ್ದ ತೊಡೆಮೂಳೆ ಹಿಡಿಸುವಷ್ಟು ಇದ್ದರೆ ಸಾಕು, ಮನುಷ್ಯನ ಮೈಯಲ್ಲಿ ಅದಕ್ಕಿಂತ ಉದ್ದದ ಮೂಳೆ ಇಲ್ಲ. ಕೆಲವರು ಹೊರಗೆ ಹೂವಿನ ಚಿತ್ತಾರ ಕೆತ್ತಿಸುತ್ತಿದ್ದರು. ಹೆಸರು ಬರೆಯುವುದು ಮಾತ್ರ ಸಾಮಾನ್ಯವಾಗಿ ಮನೆಯವರೇ, ಮೊಳೆಯಲ್ಲೋ ಉಳಿಯಲ್ಲೋ ಗೀಚಿ, ಅದೂ ಗುಹೆಯ ಕತ್ತಲೆಯಲ್ಲಿ. ಅದಕ್ಕೇ ಎಷ್ಟೋ ಬರಹ ವಕ್ರವಾಗಿ, ಓದಲು ಕಷ್ಟವಾಗಿ ಇರುತ್ತವೆ. ಇಂಥ ಪೆಟ್ಟಿಗೆ ಅಪರೂಪವೇನಲ್ಲ. ಪುರಾತತ್ವಜ್ಞ ಲೆವಿ ರಹಮಾನಿ ಅವರು 1994ರಲ್ಲಿ ಇಸ್ರೇಲ್ ಸರ್ಕಾರದ ಸಂಗ್ರಹದಲ್ಲಿದ್ದ ಪೆಟ್ಟಿಗೆಗಳ ಪಟ್ಟಿ ಮಾಡಿದಾಗಲೇ 897 ಇದ್ದವು. ಅದರಲ್ಲಿ ಬರಹ ಇದ್ದದ್ದು ಸುಮಾರು ಕಾಲುಭಾಗಕ್ಕೆ.

ಯಾಕೋಬನದು ಅಂತ ಹೇಳುವ ಪೆಟ್ಟಿಗೆ ಸುದ್ದಿಯಾಗಿದ್ದು 2002ರ ಅಕ್ಟೋಬರ್ 21ಕ್ಕೆ, ವಾಷಿಂಗ್ಟನ್ನಿನ ಒಂದು ಪತ್ರಿಕಾಗೋಷ್ಠಿಯಲ್ಲಿ. ತಳದಲ್ಲಿ ಅರ್ಧ ಮೀಟರ್ ಉದ್ದ, 30 ಸೆಂಟಿಮೀಟರ್ ಎತ್ತರ. ಸುಮ್ನೆ ನೋಡಿದರೆ ಯಾರೂ ಎರಡನೇ ಸಲ ತಿರುಗಿ ನೋಡದಂಥ ಕಲ್ಲಿನ ತೊಟ್ಟಿ. ಒಂದು ಬದಿಯಲ್ಲಿ ಸವೆದುಹೋದ ಹೂವಿನ ಚಿತ್ತಾರದ ಗುರುತಿದೆ. ಅದರ ಹಿಂಬದಿಯಲ್ಲಿ ಅರಾಮಿಕ್ ಭಾಷೆಯಲ್ಲಿ 20 ಅಕ್ಷರ: ‘ಯಾಕೋವ್ ಬರ್ ಯೋಸೆಫ್ ಅಹೂಯಿ ದ್ ಯೇಶುವ’. ಯೋಸೇಫನ ಮಗ, ಯೇಸುವಿನ ತಮ್ಮ ಯಾಕೋಬ ಅಂತ. ಓದಿದವರು ಪ್ಯಾರಿಸ್ಸಿನ ಸೊರ್ಬಾನ್‌ನ ಶಾಸನತಜ್ಞ ಆಂದ್ರೆ ಲೆಮೇರ್. ಹಗುರ ಆಸಾಮಿಯಲ್ಲ, ಆ ಕಾಲದ ಲಿಪಿ ಬಲ್ಲವರಲ್ಲಿ ದೊಡ್ಡ ಹೆಸರು. ಮಾಲೀಕ ಟೆಲ್ ಅವೀವ್‌ನ ಸಂಗ್ರಾಹಕ ಓದೆದ್ ಗೋಲಾನ್.

ಅಲ್ಲಿಂದ ಹತ್ತು ಲಕ್ಷ ಡಾಲರ್ ವಿಮೆ ಮಾಡಿಸಿ ಟೊರಾಂಟೋಗೆ ಪ್ರದರ್ಶನಕ್ಕೆ ಕಳಿಸಿದರು. ವಿಮೆಯೇನೋ ಭಾರಿ, ಪ್ಯಾಕಿಂಗ್ ಮಾತ್ರ ಗುಳ್ಳೆ ಪ್ಲಾಸ್ಟಿಕ್ ಸುತ್ತಿ ರಟ್ಟಿನ ಡಬ್ಬಿಗೆ ಹಾಕಿದ್ದು! ಬಿಚ್ಚಿ ನೋಡಿದರೆ ಕಲ್ಲು ಬಿರುಕು ಬಿಟ್ಟಿತ್ತು. ಒಂದು ಬಿರುಕು ಬರಹದ ಮೇಲೇ ಹಾದಿತ್ತು. ರಾಯಲ್ ಒಂಟಾರಿಯೋ ಮ್ಯೂಸಿಯಮ್‌ನವರು ಅಂಟಿಸಿ, ಸರಿಮಾಡಿ ಇಟ್ಟರು. ಹತ್ತಿರ ಲಕ್ಷ ಜನ ಬಂದು ನೋಡಿದರು.

ಪೆಟ್ಟಿಗೆ ಹಳೆಯದು ಅನ್ನೋದರಲ್ಲಿ ತಕರಾರು ಮಾಡುವವರು ಬಹುಮಟ್ಟಿಗೆ ಇಲ್ಲ. ಅನುಮಾನ ಬಂದಿದ್ದು ಬರಹದ ಮೇಲೆ, ಅದರಲ್ಲೂ ‘ಯೇಸುವಿನ ತಮ್ಮ’ ಅನ್ನುವ ಕೊನೆಯ ಭಾಗದ ಮೇಲೆ. ಮೊದಲರ್ಧದ ಅಕ್ಷರಗಳು ನೀಟಾಗಿವೆ, ಎರಡನೆಯ ಅರ್ಧದಲ್ಲಿ ಕೆಲವು ಅಕ್ಷರ ಕೂಡುಬರಹದ ಥರ ಬಾಗಿವೆ. ಒಬ್ಬ ಬರೆದದ್ದಕ್ಕೆ ಇನ್ನೊಬ್ಬ ಸೇರಿಸಿದ್ದಾನೆ ಅಂತ ಒಂದು ಗುಂಪು, ಆ ಕಾಲದಲ್ಲಿ ಒಂದೇ ಕೈಯಲ್ಲಿ ಎರಡೂ ಬಗೆ ಬರುವುದು ಮಾಮೂಲು ಅಂತ ಇನ್ನೊಂದು. ನನ್ನ ಕೇಳಿದರೆ ಬರೀ ಅಕ್ಷರದ ಆಕಾರ ನೋಡಿ ಈ ಜಗಳ ಮುಗಿಯುವುದಿಲ್ಲ.

ಅದಕ್ಕೇ ಕಲ್ಲಿನ ರಸಾಯನಕ್ಕೆ ಹೋದರು. ನೂರಾರು ವರ್ಷ ಗುಹೆಯಲ್ಲಿ ಕೂತ ಕಲ್ಲಿನ ಮೇಲೆ ತೆಳ್ಳಗೆ ಒಂದು ಪದರ ಕಟ್ಟುತ್ತದೆ, ಪಾಟಿನಾ ಅಂತಾರೆ. ಕೆತ್ತನೆ ಹಳೆಯದಾದರೆ ಅಕ್ಷರದ ಗೀರಿನೊಳಗೂ ಅದೇ ಪದರ ಇರಬೇಕು. ಇಸ್ರೇಲಿನ ಭೂವಿಜ್ಞಾನ ಸಂಸ್ಥೆಯವರು ಮೊದಲು ನೋಡಿ ಅನುಮಾನಪಡುವಂಥದ್ದು ಏನೂ ಕಾಣಲಿಲ್ಲ ಅಂದಿದ್ದರು. ಆಮೇಲೆ ಪ್ರಾಚೀನ ವಸ್ತು ಇಲಾಖೆ ಸಮಿತಿ ಮಾಡಿತು. 2003ರ ಜೂನ್‌ನಲ್ಲಿ ಸಮಿತಿ ಬರಹ ಖೋಟಾ ಅಂತ ಘೋಷಿಸಿತು. ಯುವಾಲ್ ಗೊರೆನ್ ಮತ್ತು ಅವ್ನೆರ್ ಅಯಲೋನ್ ಅವರ ವಾದ ಹೀಗಿತ್ತು: ಗೀರಿನೊಳಗಿನ ಪದರದಲ್ಲಿ ಆಮ್ಲಜನಕದ ಐಸೊಟೋಪ್‌ಗಳ (ಒಂದೇ ಧಾತುವಿನ ಹಗುರ, ಭಾರದ ಬಗೆಗಳ) ಪ್ರಮಾಣ ಜೆರುಸಲೇಮಿನ ತಂಪು ಗುಹೆಯಲ್ಲಿ ತಾನಾಗಿ ಕಟ್ಟಿದ ಪದರಕ್ಕೆ ಹೊಂದುವುದಿಲ್ಲ, ಸುಣ್ಣಕಲ್ಲಿನ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ಮೆತ್ತಿದರೆ ಹೀಗಾಗುತ್ತದೆ. ಎದುರಿನವರು ಬಿಡಲಿಲ್ಲ. ಅಂಗಡಿಯವರು ಮಾರುವಾಗ ಚೆನ್ನಾಗಿ ಕಾಣಲಿ ಅಂತ ಅಕ್ಷರಗಳನ್ನು ಉಜ್ಜಿ ತೊಳೆದಿದ್ದರೂ ಹೀಗೇ ಆಗುತ್ತದೆ ಅಂದರು.

ಪೊಲೀಸರು ವಶಪಡಿಸಿಕೊಳ್ಳಲು ಹೋದಾಗ ಇದೇ ಪೆಟ್ಟಿಗೆ ಗೋಲಾನ್ ಮನೆಯ ತಾರಸಿಯಲ್ಲಿ, ಬಳಸದೆ ಬಿಟ್ಟಿದ್ದ ಒಂದು ಟಾಯ್ಲೆಟ್ ಕಮೋಡಿನ ಮೇಲೆ ಕೂತಿತ್ತು. ಆ ಫೋಟೋ ಜಗತ್ತೆಲ್ಲ ಓಡಾಡಿತು.

2004ರ ಡಿಸೆಂಬರ್‌ನಲ್ಲಿ ಕೇಸು ದಾಖಲಾಯಿತು. ಮುಗಿದದ್ದು 2012ರ ಮಾರ್ಚ್ 14ಕ್ಕೆ. ತೀರ್ಪೇ 470 ಪುಟ ದಾಟಿತು. ವಿಜ್ಞಾನಿಗಳು ಎರಡು ಕಡೆಯೂ ನಿಂತು ಒಬ್ಬರ ಮಾತನ್ನು ಇನ್ನೊಬ್ಬರು ಕಡಿದರು. ಕೋರ್ಟಿನಲ್ಲಿ ಹೊರಬಿದ್ದ ಒಂದು ಸಂಗತಿ ನನಗೆ ಈಗಲೂ ಹೊಟ್ಟೆ ಉರಿಸುತ್ತದೆ. ಪೊಲೀಸ್ ಲ್ಯಾಬಿನವರು ಅಕ್ಷರಗಳ ಅಚ್ಚು ತೆಗೆಯಲು ಕೆಂಪು ಸಿಲಿಕೋನ್ ಸುರಿದಿದ್ದಾರೆ. ಅದನ್ನು ಎಳೆದು ತೆಗೆದಾಗ ಗೀರಿನೊಳಗೆ ಇದ್ದಬದ್ದ ಪದರವೂ ಕಿತ್ತುಬಂದಿದೆ. ಅಂದರೆ ಯಾವ ಪದರದ ಮೇಲೆ ಇಡೀ ವಾದ ನಿಂತಿತ್ತೋ ಅದನ್ನು ಮತ್ತೆ ಪರೀಕ್ಷೆ ಮಾಡುವ ದಾರಿಯೇ ಕೆಟ್ಟುಹೋಯಿತು. ಗೋಲಾನ್ ಖೋಟಾ ಆರೋಪಗಳಿಂದ ಬಿಡುಗಡೆಯಾದರು. ಪರವಾನಗಿ ಇಲ್ಲದೆ ಪ್ರಾಚೀನ ವಸ್ತು ಮಾರಿದ್ದರಂಥ ಸಣ್ಣ ಆರೋಪಗಳಲ್ಲಿ ತಪ್ಪಿತಸ್ಥ ಅಂತಾಯಿತು. ಪೆಟ್ಟಿಗೆ ಅವರಿಗೇ ವಾಪಸ್ ಹೋಯಿತು.

ಖೋಟಾನೋ ಅಸಲಿಯೋ ಅನ್ನುವ ಪ್ರಶ್ನೆಯ ಸುತ್ತಲೇ ಎಲ್ಲರೂ ಹತ್ತು ವರ್ಷ ಸುತ್ತಿದರು. ಅದಕ್ಕೂ ಮೊದಲಿನ ಪ್ರಶ್ನೆ ಒಂದಿದೆ: ಈ ಪೆಟ್ಟಿಗೆ ಎಲ್ಲಿತ್ತು? ನಮ್ಮ ಕರ್ನಾಟಕದ ಶಾಸನ ಸಂಪುಟ ಯಾವುದಾದರೂ ತೆಗೆದು ನೋಡಿ. ಏನು ಬರೆದಿದೆ ಅನ್ನುವುದಕ್ಕಿಂತ ಮೊದಲು ತಾಲ್ಲೂಕು, ಊರು, ಕಲ್ಲು ಕೆರೆ ಏರಿಯ ಮೇಲಿದೆಯೋ ದೇವಸ್ಥಾನದ ಯಾವ ಬದಿಯಲ್ಲಿದೆಯೋ ಅದು ಇರುತ್ತದೆ. ಜಾಗ ಗೊತ್ತಿಲ್ಲದ ಬರಹಕ್ಕೆ ಅರ್ಧ ಬೆಲೆ. ಯಾಕೋಬನ ಪೆಟ್ಟಿಗೆಗೆ ಜಾಗವೇ ಇಲ್ಲ. 1970ರ ದಶಕದಲ್ಲಿ ಜೆರುಸಲೇಮಿನ ಹಳೇ ಪೇಟೆಯ ಅಂಗಡಿಯಲ್ಲಿ ಕೊಂಡೆ ಅಂತ ಗೋಲಾನ್ ಹೇಳುತ್ತಾರೆ. ಈ ದಶಕದ ಮಾತು ಸುಮ್ನೆ ಅಲ್ಲ. ಇಸ್ರೇಲಿನಲ್ಲಿ 1978ರ ಕಾನೂನು ಬಂದ ಮೇಲೆ ಸಿಕ್ಕ ಪ್ರಾಚೀನ ವಸ್ತುಗಳೆಲ್ಲ ಸರ್ಕಾರದ್ದು. ಅದಕ್ಕೂ ಮೊದಲು ಕೊಂಡಿದ್ದರೆ ಮಾತ್ರ ಮನೆಯಲ್ಲಿ ಇಟ್ಟುಕೊಳ್ಳಬಹುದು. ಇದಕ್ಕೆ ಸಾಕ್ಷಿಯಾಗಿ ಪೆಟ್ಟಿಗೆ ಶೆಲ್ಫಿನ ಮೇಲೆ ಕಾಣುವ ಹಳೆಯ ಫೋಟೋ ಕೋರ್ಟಿಗೆ ಬಂತು, 1976ರದು ಅಂತ. ಫೋಟೋದ ಕಾಗದ ಆ ಕಾಲದ್ದೇ ಅಂತ ಎಫ್‌ಬಿಐನಿಂದ ನಿವೃತ್ತರಾದ ಪರಿಣತರೊಬ್ಬರು ಸಾಕ್ಷಿ ಹೇಳಿದರು. ಈ 1976 ಅನ್ನೋದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸರಿ, ಬರಹ ಪೂರ್ತಿ ಅಸಲಿ ಅಂತಲೇ ಇಟ್ಟುಕೊಳ್ಳೋಣ. ಆಗಲೂ ಅದು ನಾವಂದುಕೊಂಡ ಯಾಕೋಬನೇ ಅಂತ ಹೇಗೆ ಹೇಳುವುದು? ಆ ಕಾಲದ ಯೆಹೂದಿಗಳು ಮಕ್ಕಳಿಗೆ ಇಡುತ್ತಿದ್ದ ಹೆಸರು ಬಹಳ ಕಮ್ಮಿ. ಗಂಡಸರಲ್ಲಿ ಸೀಮೋನ ಬಿಟ್ಟರೆ ಯೋಸೇಫ ಅನ್ನೋದೇ ಜಾಸ್ತಿ. ಯೇಶುವ, ಯಾಕೋಬ, ಯೂದ ಎಲ್ಲ ಓಣಿಗೊಬ್ಬರು ಸಿಗುವಂಥ ಹೆಸರು. ಹೆಂಗಸರಲ್ಲಿ ಐದು ಜನರಲ್ಲಿ ಒಬ್ಬಳ ಹೆಸರು ಹೆಚ್ಚುಕಮ್ಮಿ ಮರಿಯ. ಯೋಸೇಫನ ಮಗ, ಯೇಶುವನ ಸಹೋದರ ಯಾಕೋಬ ಅನ್ನುವ ಜೋಡಣೆಗೆ ಸರಿಹೊಂದುವವರು ಆ ಎರಡು ತಲೆಮಾರಿನ ಜೆರುಸಲೇಮಿನಲ್ಲಿ ಸುಮಾರು 20 ಜನ ಇದ್ದಿರಬಹುದು ಅಂತ ಲೆಮೇರ್ ಅವರೇ ಲೆಕ್ಕ ಹಾಕಿದ್ದರು. ಅವರ ಬಲವಾದ ವಾದ ಬೇರೆ: ಪೆಟ್ಟಿಗೆಯ ಮೇಲೆ ಅಪ್ಪನ ಹೆಸರು ಬರೆಯುವುದು ರೂಢಿ, ಅಣ್ಣತಮ್ಮಂದಿರ ಹೆಸರು ಬರೆಯುವುದಿಲ್ಲ. ಅಂಥದ್ದು ಇನ್ನೊಂದೇ ಒಂದು ಉದಾಹರಣೆ ಗೊತ್ತಿತ್ತು. ಹಾಗಾದರೆ ಆ ಸಹೋದರ ಊರಿಗೆಲ್ಲ ಗೊತ್ತಿದ್ದವನೇ ಇರಬೇಕು ಅಲ್ವಾ ಅಂತ. ಈ ವಾದದಲ್ಲಿ ಹುರುಳಿದೆ, ನಾನು ತಳ್ಳಿಹಾಕಲ್ಲ. ಆದರೆ ಖೋಟಾ ಮಾಡುವವನೂ ಸೇರಿಸುವುದು ಅದೇ ಎರಡು ಪದ. ಬೆಲೆ ಏರುವುದು ಅದರಿಂದಲೇ ತಾನೆ? ಹಾಗಾಗಿ ವಾದ ಎರಡು ಕಡೆಯೂ ಕೊಯ್ಯುತ್ತದೆ.

ಇನ್ನು ನೀವು ನೋಡಿದ ವಿಡಿಯೋ. ಅದರಲ್ಲಿರುವ ಸಮಾಧಿ ತಾಲ್ಪಿಯೋಟ್‌ನದು. ಇದಕ್ಕೆ ಜಾಗದ ತೊಂದರೆ ಇಲ್ಲ. 1980ರ ಮಾರ್ಚ್‌ನಲ್ಲಿ ಜೆರುಸಲೇಮಿನ ಪೂರ್ವ ತಾಲ್ಪಿಯೋಟ್ ಬಡಾವಣೆಯಲ್ಲಿ ಅಪಾರ್ಟ್‌ಮೆಂಟ್ ಕಟ್ಟಲು ಬಂಡೆ ಒಡೆಯುವಾಗ ಗುಹೆಯ ಮುಖ ಕಾಣಿಸಿತು. ಬಾಗಿಲ ಮೇಲೆ ಮನೆ ಮಾಡಿನ ಹಾಗೆ ಒಂದು ಕೋನ, ಅದರ ಕೆಳಗೆ ವೃತ್ತ. ಪ್ರಾಚೀನ ವಸ್ತು ಇಲಾಖೆಯ ಯೋಸೆಫ್ ಗಾತ್ ಉತ್ಖನನ ಮಾಡಿದರು, ಅಮೋಸ್ ಕ್ಲೋನರ್ ಜೊತೆಗಿದ್ದರು, ನಕ್ಷೆ ಬರೆದವರು ಶಿಮೋನ್ ಗಿಬ್ಸನ್. ಒಳಗೆ ಹತ್ತು ಪೆಟ್ಟಿಗೆ. ಆರರ ಮೇಲೆ ಹೆಸರು: ಯೋಸೇಫನ ಮಗ ಯೇಶುವ, ಮರಿಯ, ಯೋಸೆ, ಮತ್ತಾಯ, ಯೇಶುವನ ಮಗ ಯೂದ, ಮತ್ತೆ ಗ್ರೀಕ್ ಲಿಪಿಯಲ್ಲಿ ಇನ್ನೊಬ್ಬ ಮರಿಯ. ಕ್ಲೋನರ್ 1996ರಲ್ಲಿ ವರದಿ ಪ್ರಕಟಿಸಿದರು. ಅವರಿಗೆ ಅದರಲ್ಲಿ ಯಾವ ಪವಾಡವೂ ಕಾಣಲಿಲ್ಲ. ಮಾಮೂಲಿ ಹೆಸರಿನ ಮಾಮೂಲಿ ಕುಟುಂಬ ಅಂದರು.

2007ರಲ್ಲಿ ಸಿಂಖಾ ಯಾಕೊಬೊವಿಚಿ ಅನ್ನುವ ಸಾಕ್ಷ್ಯಚಿತ್ರ ನಿರ್ದೇಶಕರು, ಹಾಲಿವುಡ್ಡಿನ ಜೇಮ್ಸ್ ಕ್ಯಾಮರೂನ್ ಜೊತೆ ಸೇರಿ, ಇದೇ ಯೇಸುವಿನ ಕುಟುಂಬದ ಸಮಾಧಿ ಅಂತ ಟೀವಿಗೆ ತಂದರು. ಗ್ರೀಕ್ ಲಿಪಿಯ ಮರಿಯ ಅಂದರೆ ಮಗ್ದಲದ ಮರಿಯ, ಅವಳು ಹೆಂಡತಿ, ಯೂದ ಮಗ! ಟೊರಾಂಟೋ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ ಆಂದ್ರೆ ಫಾಯರ್‌ವರ್ಗರ್ ಲೆಕ್ಕ ಹಾಕಿ ಕೊಟ್ಟ ‘600ಕ್ಕೆ ಒಂದು’ ಅನ್ನುವ ಅಂಕಿ, ಅಂದರೆ ಇಷ್ಟು ಹೆಸರು ಬೇರೆ ಕುಟುಂಬದಲ್ಲಿ ಕಾಕತಾಳೀಯವಾಗಿ ಕೂಡುವ ಸಾಧ್ಯತೆ ಅಷ್ಟೇ ಅಂತ, ಎಲ್ಲ ಕಡೆ ಹಬ್ಬಿತು. ಲೆಕ್ಕ ತಪ್ಪು ಅಂತಲ್ಲ. ಲೆಕ್ಕಕ್ಕೆ ಮೊದಲು ಒಪ್ಪಿಕೊಂಡ ಸಂಗತಿಗಳನ್ನು ನೋಡಬೇಕು. ಆ ಗ್ರೀಕ್ ಹೆಸರು ಮಗ್ದಲದ ಮರಿಯಳದೇ ಅಂತ ಮೊದಲೇ ಒಪ್ಪಿಕೊಂಡರೆ ಉತ್ತರ ಒಂದು, ಒಪ್ಪದಿದ್ದರೆ ಇನ್ನೊಂದು. ಮಗ್ದಲದ ಮರಿಯಳಿಗೆ ಆ ಗ್ರೀಕ್ ರೂಪದ ಹೆಸರು (ಅವರು ಓದುವಂತೆ ‘ಮರಿಯಮೆನೆ’) ಇತ್ತು ಅನ್ನಲು ಆಸರೆ ಏನು ಅಂದರೆ 4ನೇ ಶತಮಾನದ ಒಂದು ಕತೆ. 300 ವರ್ಷ ಆಮೇಲಿನದು. ಅದೂ ಹೋಗಲಿ, ಆ ಬರಹವನ್ನು ‘ಮರಿಯಮೆ ಮತ್ತು ಮಾರ’ ಅಂತ ಓದಬೇಕು, ಒಂದೇ ಪೆಟ್ಟಿಗೆಯಲ್ಲಿ ಇಬ್ಬರು ಹೆಂಗಸರ ಮೂಳೆ ಇಟ್ಟಿದ್ದಾರೆ ಅಂತ ವಿದ್ವಾಂಸ ಸ್ಟೀಫನ್ ಫಾನ್ ತೋರಿಸಿದರು. ಇನ್ನು ‘ಯೇಶುವ’ ಅನ್ನುವ ಹೆಸರೋ, ಕೋಳಿ ಕೆದರಿದ ಹಾಗಿದೆ. ರಹಮಾನಿಯವರು ತಮ್ಮ ಪಟ್ಟಿಯಲ್ಲಿ ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದಾರೆ. ಇದೇ ‘ಯೋಸೇಫನ ಮಗ ಯೇಶುವ’ ಅನ್ನುವ ಹೆಸರಿನ ಇನ್ನೊಂದು ಪೆಟ್ಟಿಗೆಯನ್ನು ಎಲಿಯೇಜರ್ ಸುಕೆನಿಕ್ 1931ರಲ್ಲೇ ಪ್ರಕಟಿಸಿದ್ದರು. ಆಗ ಯಾರೂ ಸಿನಿಮಾ ಮಾಡಲಿಲ್ಲ.

ಆ ಕಡೆಯವರ ಪರವಾಗಿ ಒಂದು ಮಾತು ಹೇಳಲೇಬೇಕು. ‘ಯೋಸೆ’ ಅನ್ನುವ ಮೊಟಕು ರೂಪ ಆ ಕಾಲದ ಪೆಟ್ಟಿಗೆಗಳಲ್ಲಿ ಅಪರೂಪ. ಮಾರ್ಕನ ಸುವಾರ್ತೆಯಲ್ಲಿ ಯೇಸುವಿನ ತಮ್ಮನೊಬ್ಬನಿಗೆ ಅದೇ ರೂಪದ ಹೆಸರಿದೆ. ತಾಲ್ಪಿಯೋಟ್ ವಾದದಲ್ಲಿ ಗಟ್ಟಿಯಾದದ್ದು ಏನಾದರೂ ಇದ್ದರೆ ಇದೊಂದೇ.

ಪುರಾತತ್ವಜ್ಞೆ ಜೋಡಿ ಮ್ಯಾಗ್ನೆಸ್ ಅವರ ಆಕ್ಷೇಪ ನನಗೆ ಬಹಳ ಸರಿ ಅನ್ನಿಸುತ್ತದೆ. ಬಂಡೆ ಕೊರೆಸಿ ಸಮಾಧಿ ಮಾಡಿಸುವುದು ದುಡ್ಡಿದ್ದವರ ಕೆಲಸ. ಉಳಿದವರನ್ನು ನೆಲದಲ್ಲಿ ಗುಂಡಿ ತೋಡಿ ಹೂಳುತ್ತಿದ್ದರು, ಅಂಥ ಗೋರಿಗೆ ಗುರುತೂ ಉಳಿಯುವುದಿಲ್ಲ. ಗಲಿಲಾಯದ ನಜರೇತ್ ಅನ್ನುವ ಸಣ್ಣ ಹಳ್ಳಿಯ ಬಡಗಿಯ ಮನೆಯವರಿಗೆ ಜೆರುಸಲೇಮಿನಲ್ಲಿ ತಲೆಮಾರುಗಟ್ಟಲೆ ಬಳಸುವ ಕುಟುಂಬದ ಗುಹೆ ಎಲ್ಲಿಂದ ಬಂತು? ಹಾಗೊಮ್ಮೆ ಇದ್ದರೂ ಹೊರಗಿನಿಂದ ಬಂದವರ ಪೆಟ್ಟಿಗೆಯ ಮೇಲೆ ಊರಿನ ಹೆಸರು ಹಾಕುವ ರೂಢಿ ಇತ್ತು. ತಾಲ್ಪಿಯೋಟ್‌ನಲ್ಲಿ ನಜರೇತಿನ ಸುಳಿವೇ ಇಲ್ಲ. ಇದೇ ಮಾತು ಯಾಕೋಬನ ಪೆಟ್ಟಿಗೆಗೂ ತಗಲುತ್ತದೆ.

ಈಗ ಆ 1976ಕ್ಕೆ ಬರೋಣ. ಇಷ್ಟಕ್ಕೇ ಬಿಡದೆ ಎರಡೂ ಕತೆಯನ್ನು ಒಂದು ಮಾಡಿದವರಿದ್ದಾರೆ. ತಾಲ್ಪಿಯೋಟ್‌ನಲ್ಲಿ ಹತ್ತು ಪೆಟ್ಟಿಗೆ ಎಣಿಸಿದರು, ಸಂಗ್ರಹದಲ್ಲಿ ಒಂಬತ್ತೇ ಇವೆ, ಆ ಹತ್ತನೆಯದೇ ಯಾಕೋಬನ ಪೆಟ್ಟಿಗೆ ಅಂತ. 2015ರಲ್ಲಿ ಭೂವಿಜ್ಞಾನಿ ಆರ್ಯೆ ಶಿಮ್ರೋನ್ ಮಣ್ಣಿನ ರಸಾಯನ ಎರಡಕ್ಕೂ ಹೊಂದುತ್ತದೆ ಅಂದರು. ಕೇಳಲು ರೋಚಕವಾಗಿದೆ, ಆದರೆ ತಾರೀಖು ಪಕ್ಕ ಪಕ್ಕ ಇಟ್ಟು ನೋಡಿ. ಯಾಕೋಬನ ಪೆಟ್ಟಿಗೆ 1976ರಲ್ಲೇ ಮನೆಯ ಶೆಲ್ಫಿನ ಮೇಲಿತ್ತು ಅನ್ನುವುದಾದರೆ 1980ರಲ್ಲಿ ಗುಹೆಯಲ್ಲಿ ಎಣಿಸಿದ ಹತ್ತರಲ್ಲಿ ಅದು ಹೇಗೆ ಇರುತ್ತದೆ? 1980ರ ನಂತರ ಅಲ್ಲಿಂದ ಕಾಣೆಯಾಗಿದ್ದು ಅನ್ನುವುದಾದರೆ ಫೋಟೋ ಸುಳ್ಳು. ಫೋಟೋ ಸುಳ್ಳಾದರೆ ಮಾಲೀಕರ ಇಡೀ ಹೇಳಿಕೆ ಬೀಳುತ್ತದೆ, ಪೆಟ್ಟಿಗೆ ಸರ್ಕಾರದ್ದಾಗುತ್ತದೆ. ಗುಹೆಯಿಂದ ಮೊದಲೇ ಕಳ್ಳರು ಕದ್ದಿರಬಹುದು ಅಂತ ಸಮಜಾಯಿಷಿ ಕೊಡುತ್ತಾರೆ. ಕೊಡಲಿ, ಆದರೆ ಆಗ ಹತ್ತನೆಯ ಪೆಟ್ಟಿಗೆಯ ಲೆಕ್ಕವನ್ನು ಕೈಬಿಡಬೇಕು. ಅಷ್ಟಕ್ಕೂ ಹತ್ತನೆಯದನ್ನು ಕ್ಲೋನರ್ ಅಳತೆ ಮಾಡಿ ಬರೆದಿಟ್ಟಿದ್ದಾರೆ: 60 ಸೆಂಟಿಮೀಟರ್ ಉದ್ದ, ಚಿತ್ತಾರವಿಲ್ಲ, ಬರಹವಿಲ್ಲ. ಯಾಕೋಬನದು ಅಷ್ಟು ಉದ್ದ ಇಲ್ಲ, ಚಿತ್ತಾರವೂ ಇದೆ, ಬರಹವೂ ಇದೆ. ಎರಡನ್ನೂ ಒಂದೇ ವಿಡಿಯೋದಲ್ಲಿ ಹಾಕಿ ನಂಬಿ ಅನ್ನುವವರು ಈ ತಾರೀಖುಗಳನ್ನು ತೋರಿಸುವುದೇ ಇಲ್ಲ.

ನಿಮ್ಮ ಚರ್ಚಿನಲ್ಲಿ ಹೇಳುವುದು ಬೇರೆಯೇ ಕಾಲದ ಚರ್ಚೆ. ಮಾರ್ಕ 6:3ರಲ್ಲಿ ನಜರೇತಿನ ಜನ ಯೇಸುವನ್ನು ಕಂಡು, ಇವನು ಮರಿಯಳ ಮಗನಲ್ಲವೇ, ಯಾಕೋಬ, ಯೋಸೆ, ಯೂದ, ಸೀಮೋನ ಇವನ ಸಹೋದರರಲ್ಲವೇ, ಸಹೋದರಿಯರು ನಮ್ಮಲ್ಲೇ ಇದ್ದಾರಲ್ಲವೇ ಅಂತ ಕೇಳುತ್ತಾರೆ. ಈ ವಾಕ್ಯವನ್ನೇ 4ನೇ ಶತಮಾನದಲ್ಲಿ ಮೂರು ಜನ ಮೂರು ಥರ ಓದಿದರು. ಎಲ್ಲರೂ ಮರಿಯಳ ಮಕ್ಕಳೇ ಅಂದವರು ಹೆಲ್ವಿಡಿಯಸ್. ಯೋಸೇಫನ ಮೊದಲ ಹೆಂಡತಿಯ ಮಕ್ಕಳು ಅಂದವರು ಎಪಿಫೇನಿಯಸ್. ಚಿಕ್ಕಮ್ಮ-ದೊಡ್ಡಮ್ಮನ ಮಕ್ಕಳು ಅಂದವರು ಜೆರೋಮ್. ಮಂಗಳೂರಿನ ಕಥೊಲಿಕ ಚರ್ಚಿನಲ್ಲಿ ಕೇಳಿದರೆ ನಿಮಗೆ ಜೆರೋಮನ ಉತ್ತರ ಸಿಗುತ್ತದೆ. ಸಿ.ಎಸ್.ಐ. (ಪ್ರೊಟೆಸ್ಟಂಟ್) ಚರ್ಚಿನಲ್ಲಿ ಸಾಮಾನ್ಯವಾಗಿ ಮೊದಲನೆಯದು. ಆರ್ಥೊಡಾಕ್ಸ್ ಪರಂಪರೆಯಲ್ಲಿ ಎರಡನೆಯದು ಜಾಸ್ತಿ. ದೊಡ್ಡಪ್ಪ ಚಿಕ್ಕಮ್ಮನ ಮಕ್ಕಳನ್ನೆಲ್ಲ ಅಣ್ಣ ತಮ್ಮ ಅಂತಲೇ ಕರೆಯುವ ನಮಗೆ ಜೆರೋಮನ ಮಾತು ವಿಚಿತ್ರ ಅನ್ನಿಸುವುದಿಲ್ಲ. ಆದರೆ ಆ ಕಾಲದಲ್ಲೇ ಇದ್ದ ಅಪೊಸ್ತಲ ಪೌಲ ಗ್ರೀಕ್‌ನಲ್ಲಿ ಬರೆಯುತ್ತಿದ್ದ, ಆ ಭಾಷೆಯಲ್ಲಿ ದಾಯಾದಿ ಸಹೋದರನಿಗೆ ಬೇರೆ ಪದವೇ ಇತ್ತು, ಆದರೂ ಯಾಕೋಬನನ್ನು ಕರ್ತನ ಸಹೋದರ ಅಂತಲೇ ಕರೆದ. ಹೀಗಾಗಿ ಇತಿಹಾಸ ಬರೆಯುವವರಲ್ಲಿ ಹೆಚ್ಚಿನವರು ಸ್ವಂತ ಒಡಹುಟ್ಟಿದವರು ಅನ್ನುವ ಕಡೆ ವಾಲುತ್ತಾರೆ, ನಾನೂ ಹಾಗೇ. ಪೆಟ್ಟಿಗೆ ಅಸಲಿಯಾದರೂ ಈ ಜಗಳ ಪೂರ್ತಿ ತೀರುವುದಿಲ್ಲ. ‘ಯೋಸೇಫನ ಮಗ ಯಾಕೋಬ’ ಅನ್ನುವುದು ಜೆರೋಮನ ಉತ್ತರಕ್ಕೆ ಇಕ್ಕಟ್ಟು ತರುತ್ತದೆ ನಿಜ, ಆದರೆ ತಾಯಿ ಯಾರು ಅಂತ ಅದರಲ್ಲಿ ಇಲ್ಲ.

ಹಾಗಾದರೆ ಈ ಕುಟುಂಬ ಇತ್ತು ಅನ್ನಲು ಏನಿದೆ? ಬೇಕಾದಷ್ಟಿದೆ, ಆದರೆ ಎಲ್ಲ ಬರಹದಲ್ಲಿ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲ ತಾನು ಯಾಕೋಬನನ್ನು ಜೆರುಸಲೇಮಿನಲ್ಲಿ ಕಣ್ಣಾರೆ ಕಂಡೆ ಅನ್ನುತ್ತಾನೆ. ಕೊರಿಂಥದವರಿಗೆ ಬರೆಯುವಾಗ ಕರ್ತನ ಸಹೋದರರು ಹೆಂಡತಿಯರನ್ನು ಕರೆದುಕೊಂಡು ಓಡಾಡುವ ಪ್ರಸ್ತಾಪ ಬರುತ್ತದೆ. ಕ್ರೈಸ್ತನಲ್ಲದ ಯೆಹೂದಿ ಇತಿಹಾಸಕಾರ ಜೋಸೆಫಸ್ ಯಾಕೋಬನ ಸಾವನ್ನು ದಾಖಲಿಸಿದ್ದಾನೆ. ಕ್ರಿ.ಶ. 62ರಲ್ಲಿ ರೋಮನ್ ಅಧಿಕಾರಿ ಫೆಸ್ತಸ್ ತೀರಿಕೊಂಡು, ಹೊಸಬ ಅಲ್ಬೀನಸ್ ಇನ್ನೂ ದಾರಿಯಲ್ಲಿರುವಾಗ, ಮಹಾಯಾಜಕ ಅನಾನಸ್ ಆ ಸಂದು ನೋಡಿ ಸಭೆ ಸೇರಿಸಿ, ‘ಕ್ರಿಸ್ತ ಅನ್ನಿಸಿಕೊಂಡ ಯೇಸುವಿನ ಸಹೋದರ’ ಯಾಕೋಬನನ್ನೂ ಇನ್ನು ಕೆಲವರನ್ನೂ ಕಲ್ಲೆಸೆದು ಕೊಲ್ಲಿಸಿದ. ಊರಿನ ಧರ್ಮಭೀರು ಜನರೇ ಸಿಟ್ಟಾಗಿ ದೂರು ಕೊಟ್ಟರು. ಮೂರೇ ತಿಂಗಳಿಗೆ ಅನಾನಸ್‌ನ ಹುದ್ದೆ ಹೋಯಿತು. ಎಂಥ ಪೆಟ್ಟಿಗೆಗಿಂತಲೂ ಇದು ದೊಡ್ಡ ಸಾಕ್ಷಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ತುಣುಕು ಇನ್ನೊಂದಿದೆ. 2ನೇ ಶತಮಾನದ ಕ್ರೈಸ್ತ ಲೇಖಕ ಹೆಗೆಸಿಪ್ಪಸ್ ಬರೆದದ್ದು, ಆಮೇಲಿನ ಚರ್ಚ್ ಇತಿಹಾಸಕಾರ ಯುಸೇಬಿಯಸ್ ಎತ್ತಿಟ್ಟುಕೊಂಡಿದ್ದರಿಂದ ಉಳಿದಿದೆ. ಯೇಸುವಿನ ತಮ್ಮ ಯೂದನ ಮೊಮ್ಮಕ್ಕಳಿಬ್ಬರನ್ನು ಚಕ್ರವರ್ತಿ ಡೊಮಿಷಿಯನ್ ಎದುರು ನಿಲ್ಲಿಸಿದರಂತೆ, ದಾವೀದನ ವಂಶದವರು ದಂಗೆ ಎದ್ದಾರು ಅನ್ನುವ ಭಯಕ್ಕೆ. ನಿಮಗೆ ಎಷ್ಟು ಆಸ್ತಿ ಇದೆ ಅಂತ ಕೇಳಿದ. ಇಬ್ಬರಿಗೂ ಸೇರಿ 9000 ದಿನಾರಿ (ರೋಮನ್ ಬೆಳ್ಳಿ ನಾಣ್ಯ) ಬಾಳುತ್ತದೆ, ಅದೂ ನಗದಲ್ಲ, 39 ಪ್ಲೆತ್ರ (ಅಂದಿನ ನೆಲದ ಅಳತೆ) ಹೊಲ, ನಾವೇ ಉತ್ತು ಕಂದಾಯ ಕಟ್ಟುತ್ತೇವೆ ಅಂದರು. ಅಂದು ಕೈ ಚಾಚಿ ತೋರಿಸಿದರು. ಅಂಗೈ ತುಂಬ ಜಡ್ಡು. ಚಕ್ರವರ್ತಿ ಇವರೇನು ದಂಗೆ ಏಳುತ್ತಾರೆ ಅಂತ ಕಳಿಸಿಬಿಟ್ಟ. ಚಕ್ರವರ್ತಿ ಎದುರು ನಿಂತ ಭಾಗ ಕಟ್ಟುಕತೆ ಇದ್ದರೂ ಇರಬಹುದು. ಆದರೆ ಹೊಲದ ಅಳತೆ, ಕಂದಾಯ, ಜಡ್ಡುಗಟ್ಟಿದ ಕೈ ಇವೆಲ್ಲ ಭಕ್ತಿಗೆ ಕಟ್ಟಿದ ಹಾಗೆ ಕಾಣುವುದಿಲ್ಲ. ಆ ಮನೆತನದವರು ಗಲಿಲಾಯದ ಕಡೆ ಸಣ್ಣ ರೈತರಾಗಿ ಉಳಿದಿದ್ದರು ಅನ್ನೋದು ನಂಬುವಂಥದ್ದೇ.

ನೆಲದಲ್ಲಿ ಸಿಕ್ಕಿದ್ದು ಆ ಕುಟುಂಬದ ಸುತ್ತಲಿನ ಲೋಕ. ನಜರೇತಿನಲ್ಲಿ 2009ರಲ್ಲಿ ಪುರಾತತ್ವಜ್ಞೆ ಯಾರ್ದೆನಾ ಅಲೆಕ್ಸಾಂದ್ರೆ ಒಂದನೇ ಶತಮಾನದ ಸಾಧಾರಣ ಮನೆಯೊಂದರ ಗೋಡೆ, ಅಂಗಳ ಅಗೆದು ತೋರಿಸಿದರು. ಯೇಸುವಿನ ಮನೆ ಅಂತ ಅವರು ಹೇಳಲಿಲ್ಲ, ಅದಕ್ಕೇ ಅವರ ಮಾತು ನಂಬಬಹುದು. 1990ರಲ್ಲಿ ಜೆರುಸಲೇಮಿನಲ್ಲಿ ಸಿಕ್ಕ ಗುಹೆಯಲ್ಲಿ ‘ಕಾಯಫನ ಮಗ ಯೋಸೇಫ’ ಅಂತ ಬರೆದ, ಭರ್ಜರಿ ಚಿತ್ತಾರದ ಪೆಟ್ಟಿಗೆ ಇತ್ತು. ಯೇಸುವನ್ನು ವಿಚಾರಣೆ ಮಾಡಿದ ಮಹಾಯಾಜಕನದೇ ಇರಬೇಕು ಅಂತ ಹೆಚ್ಚಿನವರು ಒಪ್ಪುತ್ತಾರೆ, ಯಾಕಂದ್ರೆ ಕಾಯಫ ಅನ್ನುವ ಮನೆತನದ ಹೆಸರು ಅಪರೂಪ, ಸಿಕ್ಕ ಜಾಗ ಗೊತ್ತು, ಅಗೆದವರು ಗೊತ್ತು. ನೋಡಿ, ಶ್ರೀಮಂತನ ಪೆಟ್ಟಿಗೆ ಸಿಕ್ಕಿತು. ಇನ್ನು ಭಕ್ತರು ಜಾಗ ತೋರಿಸುವ ಬಗೆಗೂ ಒಂದು ಉದಾಹರಣೆ: ಕಿದ್ರೋನ್ ಕಣಿವೆಯಲ್ಲಿ ಯಾಕೋಬನ ಸಮಾಧಿ ಅಂತ ಶತಮಾನಗಟ್ಟಲೆ ಕೈಮುಗಿದ ಗುಹೆಯೊಂದಿದೆ. ಕಂಬಗಳ ಮೇಲಿನ ತೊಲೆಯಲ್ಲೇ ಹೀಬ್ರೂ ಬರಹವಿದೆ, ಹೆಜೀರ್ ಅನ್ನುವ ಯಾಜಕ ಮನೆತನದ್ದು ಅಂತ.

ಕೊನೆಗೆ ಡಿಎನ್‌ಎ. ತಾಲ್ಪಿಯೋಟ್‌ನಲ್ಲಿ ಮಾಡಿದ್ದಾರೆ. ಮೂಳೆಗಳನ್ನು ಮತ್ತೆ ಹೂಳಲು ಆಗಲೇ ಒಪ್ಪಿಸಿಯಾಗಿತ್ತು, ಹಾಗಾಗಿ ಪೆಟ್ಟಿಗೆಯ ತಳದಲ್ಲಿ ಉಳಿದ ಪುಡಿಯಿಂದ ಕೆನಡಾದ ಲೇಕ್‌ಹೆಡ್ ವಿಶ್ವವಿದ್ಯಾಲಯದಲ್ಲಿ ತೆಗೆದರು. ‘ಯೇಶುವ’ ಮತ್ತು ಗ್ರೀಕ್ ಲಿಪಿಯ ‘ಮರಿಯ’ ಒಂದೇ ತಾಯಿಯ ಕಡೆಯವರಲ್ಲ ಅಂತ ಬಂತು. ಸಿನಿಮಾದವರು ಅಲ್ಲಿಂದ ನೇರ ಗಂಡ ಹೆಂಡತಿ ಅನ್ನುವಲ್ಲಿಗೆ ಜಿಗಿದರು. ಸೊಸೆ, ಅತ್ತಿಗೆ, ನಾದಿನಿ, ಅಪ್ಪನ ಕಡೆಯ ಅಕ್ಕತಂಗಿ ಯಾರಾದರೂ ಆಗಬಹುದಲ್ವಾ? ಆ ಗುಹೆಯಲ್ಲಿ ಸುಮಾರು 35 ಜನರನ್ನು ಇಟ್ಟಿದ್ದರು ಅಂತ ಕ್ಲೋನರ್ ಅಂದಾಜು, ಒಂದೇ ಪೆಟ್ಟಿಗೆಯಲ್ಲಿ ಇಬ್ಬರು ಮೂವರ ಮೂಳೆ ಸೇರುವುದೂ ಮಾಮೂಲು. ಪುಡಿ ಯಾರದ್ದು ಅಂತಲೇ ಖಾತ್ರಿ ಇಲ್ಲ. ಇನ್ನು ಯೇಸುವಿನದೇ ಹೌದೋ ಅಲ್ಲವೋ ಅಂತ ನೋಡಬೇಕಾದರೆ ಹೋಲಿಸಲು ಆ ವಂಶದ್ದು ಅಂತ ಖಚಿತವಾಗಿ ಗೊತ್ತಿರುವ ಒಂದು ಮಾದರಿ ಬೇಕು. ಅಂಥದ್ದು ಎಲ್ಲಿಯೂ ಇಲ್ಲ.